ಅವತ್ತು ಕಟ್ಟಿದ 500 ರೂಪಾಯಿ ದಂಡ ಇವತ್ತು ಕೆಲಸ ತಪ್ಪಿಸಿದೆ. ಇದನ್ನು ಅಳಿಸಲು ದಾರಿ ಇದೆಯಾ?

ಸೂಜಿದಾರ
ಎಲ್ಲರಿಗೂ ನಮಸ್ಕಾರ. ನಾನು ಹೊಲಿಗೆ ಕಲಿಸುವವಳು. ಇದು ನನ್ನ ಕತೆಯಲ್ಲ. ಮೂರು ವರ್ಷದಿಂದ ನನ್ನ ಹತ್ತಿರ ಕೆಲಸ ಮಾಡುವ ಹುಡುಗಿಯದು. ಹುಡುಗಿ ಅಂದೆ, ಈಗ ಅವಳಿಗೆ ಮೂವತ್ತು ದಾಟಿದೆ, ಮಗ 5ನೇ ಕ್ಲಾಸು. ಅವಳನ್ನು ಕೇಳಿಯೇ ಬರೆಯುತ್ತಿದ್ದೇನೆ. ಊರು, ಹೆಸರು ಮಾತ್ರ ಕೇಳಬೇಡಿ.

ಹೋದ ತಿಂಗಳು ಒಂದು ಹಾಸ್ಟೆಲಿನಲ್ಲಿ ಅಡುಗೆ ಕೆಲಸ ಸಿಕ್ಕಿತ್ತು. ಗುತ್ತಿಗೆದಾರರು ಪೊಲೀಸ್ ವೆರಿಫಿಕೇಷನ್ ಬೇಕು ಅಂದರು. ಸೇವಾ ಸಿಂಧುವಿನಲ್ಲಿ ಅರ್ಜಿ ಹಾಕಿದೆವು. ಅವಳ ಹೆಸರಿನಲ್ಲಿ 2011ರ ಒಂದು ಕೇಸ್ ಇದೆ, ಶಿಕ್ಷೆಯೂ ಆಗಿದೆ ಅಂತ ಬಂತು. ಗುತ್ತಿಗೆದಾರರು ಜಾಸ್ತಿ ಮಾತಾಡಲಿಲ್ಲ. "ಮಕ್ಕಳಿರುವ ಜಾಗ ಮೇಡಂ, ಅರ್ಥ ಮಾಡ್ಕೊಳ್ಳಿ" ಅಂದರು ಅಷ್ಟೇ.

ಅವತ್ತು ರಾತ್ರಿ ಅವಳು ನನಗೆ ಎಲ್ಲ ಹೇಳಿದಳು. ಅಪ್ಪ ತೀರಿಕೊಂಡ ವರ್ಷ ದೂರದ ಸಂಬಂಧಿಯೊಬ್ಬಳು ಗಾರ್ಮೆಂಟ್ಸ್‌ನಲ್ಲಿ ಕೆಲಸ ಕೊಡಿಸುತ್ತೇನೆ ಅಂತ ಕರೆದುಕೊಂಡು ಹೋದಳಂತೆ. ಬಿಟ್ಟಿದ್ದು ಒಂದು ಮನೆಯಲ್ಲಿ. ಅಲ್ಲಿಯ ಘರವಾಲಿ, ಅಂದರೆ ಹುಡುಗಿಯರಿಂದ ದಂಧೆ ಮಾಡಿಸುವವಳು, "ನಿನ್ನ ಮೇಲೆ ನಲವತ್ತು ಸಾವಿರ ಸಾಲ ಇದೆ" ಅಂದಳು. ಸಂಜೆ ಬಸ್ ಸ್ಟ್ಯಾಂಡ್ ಹತ್ತಿರ ನಿಲ್ಲಿಸುತ್ತಿದ್ದರು. ಒಂದು ದಿನ ಪೊಲೀಸರು ಹಿಡಿದರು. ಮರುದಿನ ಕೋರ್ಟು. ಘರವಾಲಿ ಕಳಿಸಿದ ವಕೀಲ "ಸಾಹೇಬರು ಕೇಳಿದಾಗ ಹೂಂ ಅನ್ನು, ಸಂಜೆಗೆ ಮನೆಗೆ ಹೋಗ್ತೀಯ" ಅಂದ. ಇವಳು ಹೂಂ ಅಂದಳು. ಯಾವ ಮನೆಗೆ ಹೋದಳು ಅಂತ ನಿಮಗೆ ಗೊತ್ತಾಯಿತಲ್ಲ. 500 ರೂಪಾಯಿ ದಂಡ, ವಕೀಲನಿಗೆ ಎರಡು ಸಾವಿರ. ಕಟ್ಟಿದ್ದು ಘರವಾಲಿ. ಎರಡೂ ಸಾಲದ ಪುಸ್ತಕಕ್ಕೆ ಸೇರಿತು.

ಅದು ಶಿಕ್ಷೆ ಅಂತ ಇವಳಿಗೆ ಗೊತ್ತೇ ಇರಲಿಲ್ಲ. "ದಂಡ ಕಟ್ಟಿದರೆ ಮುಗೀತಲ್ವಾ ಅಕ್ಕಾ?" ಅಂತ ಕೇಳಿದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ಕಾನೂನು ಗೊತ್ತಿರುವವರು ಯಾರಾದರೂ ಹೇಳಿ.

ನೇರಮಾತು
ಕಷ್ಟ ಅರ್ಥವಾಗುತ್ತದೆ. ಆದರೆ 14 ವರ್ಷ ಹಳೆಯದು. ಫಾರಂನಲ್ಲಿ ಕೇಸ್ ಇಲ್ಲ ಅಂತ ಬರೆದು ಬೇರೆ ಕಡೆ ಪ್ರಯತ್ನ ಮಾಡಲಿ. ಖಾಸಗಿಯವರು ಇಷ್ಟೆಲ್ಲ ನೋಡುವುದಿಲ್ಲ.

ಕರಿಕೋಟು
ಅಕ್ಕಾ, ದಯವಿಟ್ಟು ಹಾಗೆ ಮಾಡಿಸಬೇಡಿ. ಮುಚ್ಚಿಟ್ಟದ್ದು ಸಿಕ್ಕಿಬಿದ್ದರೆ ಹಳೆಯ ಕೇಸಿಗಿಂತ ಸುಳ್ಳೇ ದೊಡ್ಡದಾಗುತ್ತದೆ. ಸರ್ಕಾರಿ ನೇಮಕಾತಿ ಬಗ್ಗೆ ಸುಪ್ರೀಂ ಕೋರ್ಟಿನ 2016ರ ಅವತಾರ್ ಸಿಂಗ್ ತೀರ್ಪು ಇದೆ. ಚಿಕ್ಕ ವಯಸ್ಸಿನ ಸಣ್ಣ ತಪ್ಪನ್ನು ಮುಚ್ಚಿಟ್ಟಿದ್ದರೆ ಕೆಲಸ ಕೊಡುವವರು ಮನ್ನಿಸಬಹುದು ಅಂತ ಅದರಲ್ಲಿದೆ. ಮನ್ನಿಸಬಹುದು, ಅಷ್ಟೇ. ಮನ್ನಿಸಲೇಬೇಕು ಅಂತ ಇಲ್ಲ.

ಮೊದಲು ಎರಡು ವಿಷಯ ಗೊತ್ತಾಗಬೇಕು. ಯಾವ ಸೆಕ್ಷನ್? ಆಮೇಲೆ ಆ ಮನೆಯಿಂದ ಅವರು ಹೊರಗೆ ಬಂದದ್ದು ಹೇಗೆ?

ಸೂಜಿದಾರ
ಸೆಕ್ಷನ್ ಗೊತ್ತಿಲ್ಲ ಸರ್. ಹೊರಗೆ ಬಂದದ್ದು 2012ರಲ್ಲಿ. ಬೇರೆ ಊರಿನ ಪೊಲೀಸರು, ಒಂದು ಸಂಸ್ಥೆಯವರು ಸೇರಿ ಅದೇ ಮನೆ ಮೇಲೆ ರೇಡ್ ಮಾಡಿದರಂತೆ. ಇವಳನ್ನು ಸ್ವಾಧಾರ ಗೃಹಕ್ಕೆ, ಅಂದರೆ ನೊಂದ ಹೆಂಗಸರ ಆಶ್ರಯ ಮನೆಗೆ, ಕಳಿಸಿದರು. ಹೊಲಿಗೆ ಕಲಿತದ್ದು ಅಲ್ಲೇ. ಆ ಕೇಸಿನ ಒಂದು ಕಾಗದ ಟ್ರಂಕಿನಲ್ಲಿ ಇಟ್ಟುಕೊಂಡಿದ್ದಾಳೆ. ಇವಳ ಹೆಸರಿನ ಮುಂದೆ "ನೊಂದ ಮಹಿಳೆ" ಅಂತ ಬರೆದಿದೆ.

ಕರಿಕೋಟು
ಆ ಕಾಗದವನ್ನು ಇವತ್ತೇ ಜೆರಾಕ್ಸ್ ಮಾಡಿಸಿ. ಮೂರು ಪ್ರತಿ. ಮೂಲ ಪ್ರತಿಯನ್ನು ಯಾರ ಕೈಗೂ ಕೊಡಬೇಡಿ, ನನ್ನಂಥ ವಕೀಲರಿಗೂ.

ಅದೇ ಮನೆ, ಅದೇ ಘರವಾಲಿ. 2011ರಲ್ಲಿ ಇವರು ಆರೋಪಿ, 2012ರಲ್ಲಿ ನೊಂದ ಮಹಿಳೆ. ಒಂದೇ ಸರ್ಕಾರದ ಎರಡು ಕಾಗದ, ನಡುವೆ ಒಂದೇ ವರ್ಷ. ಇದಕ್ಕಿಂತ ಒಳ್ಳೆಯ ಸಾಕ್ಷಿ ಎಲ್ಲಿ ಸಿಗುತ್ತದೆ?

ನೀವು ಹೇಳಿದ್ದನ್ನು ನೋಡಿದರೆ ಸೆಕ್ಷನ್ 8 ಇರಬೇಕು. ಅನೈತಿಕ ಸಾಗಾಣಿಕೆ ತಡೆ ಕಾಯ್ದೆ, ಅಂದರೆ ನಮ್ಮ ಭಾಷೆಯಲ್ಲಿ ಐಟಿಪಿ. 1956ರ ಕಾಯ್ದೆ ಇದು. ಸಾರ್ವಜನಿಕ ಜಾಗದಲ್ಲಿ ಗಿರಾಕಿ ಕರೆದರೆ ಮೊದಲ ಸಲ 6 ತಿಂಗಳವರೆಗೆ ಜೈಲು ಅಥವಾ 500 ರೂಪಾಯಿವರೆಗೆ ದಂಡ. ಇನ್ನೊಂದು ಮಜಾ ಕೇಳಿ. ಇದೇ ತಪ್ಪನ್ನು ಗಂಡಸು ಮಾಡಿದರೆ ಹೆಚ್ಚೆಂದರೆ 3 ತಿಂಗಳು. ಕಾಯ್ದೆ ಬರೆದವರು ಕೂತು ಯೋಚಿಸಿಯೇ ಹಾಗೆ ಬರೆದಿದ್ದಾರೆ.

ಬೆಂಚ್‌ಕ್ಲರ್ಕ್_ನಿವೃತ್ತ
ಮೂವತ್ತೊಂದು ವರ್ಷ ಮ್ಯಾಜಿಸ್ಟ್ರೇಟ್ ಕೋರ್ಟುಗಳಲ್ಲಿ ಕೆಲಸ ಮಾಡಿದವನು ನಾನು. ಇದನ್ನು ಓದಿ ಸುಮ್ಮನೆ ಇರಲಾಗಲಿಲ್ಲ.

ಪೆಟ್ಟಿ ಕೇಸ್, ಅಂದರೆ ಸಣ್ಣಪುಟ್ಟ ತಪ್ಪಿನ ಕೇಸ್, ನಡೆಯುವ ಬೆಳಗ್ಗೆ ಹೇಗಿರುತ್ತದೆ ಅಂತ ಹೊರಗಿನವರಿಗೆ ಗೊತ್ತಿಲ್ಲ. ಹನ್ನೊಂದು ಗಂಟೆಗೆ ಜವಾನ ಸಾಲಾಗಿ ಹೆಸರು ಕೂಗುತ್ತಾನೆ. ಹೆಲ್ಮೆಟ್ ಇಲ್ಲದವರು, ಇಸ್ಪೀಟು ಆಡಿದವರು, ಕುಡಿದು ಗಲಾಟೆ ಮಾಡಿದವರು, ಅವರ ನಡುವೆ ಸೆರಗು ಮುಖಕ್ಕೆ ಎಳೆದುಕೊಂಡ ನಾಲ್ಕೈದು ಹೆಂಗಸರು. ಸಾಹೇಬರು "ತಪ್ಪು ಒಪ್ಪಿಕೊಳ್ತೀರಾ?" ಅಂತ ಕೇಳುತ್ತಾರೆ. ಹೂಂ. ನಾನು ಬರೆದುಕೊಳ್ಳುತ್ತೇನೆ: "ಆರೋಪಿ ಸ್ವಇಚ್ಛೆಯಿಂದ ತಪ್ಪೊಪ್ಪಿಕೊಂಡಿದ್ದಾರೆ." ಒಬ್ಬರಿಗೆ ಎರಡು ನಿಮಿಷವೂ ಆಗುವುದಿಲ್ಲ. ಆ ಸಾಲನ್ನು ನನ್ನ ಕೈಯಿಂದ ಎಷ್ಟು ಸಾವಿರ ಸಲ ಬರೆದಿದ್ದೇನೋ. ಅದರಲ್ಲಿ ಸ್ವಇಚ್ಛೆ ಎಷ್ಟಿತ್ತು ಅಂತ ಒಂದು ದಿನವೂ ಕೇಳಿಕೊಳ್ಳಲಿಲ್ಲ.

ದಂಡ ಕಟ್ಟಲು ಯಾವಾಗಲೂ ಒಬ್ಬಳೇ ಬರುತ್ತಿದ್ದಳು. ವಯಸ್ಸಾದವಳು, ಕಂಕುಳಲ್ಲಿ ಪರ್ಸು. ಐದು ಜನರ ದಂಡ ಒಂದೇ ಕೈಯಿಂದ. ನಾವು ರಸೀದಿ ಹರಿದು ಕೊಡುತ್ತಿದ್ದೆವು. ಇಡೀ ಕೋರ್ಟಿಗೆ ಅವಳು ಯಾರು ಅಂತ ಗೊತ್ತಿತ್ತು ಅಂತಲೇ ನನಗೆ ಈಗ ಅನ್ನಿಸುತ್ತದೆ.

ಸೂಜಿದಾರ ಅವರೇ, ಮೊದಲು ಆದೇಶದ ದೃಢೀಕೃತ ನಕಲಿಗೆ ಅರ್ಜಿ ಹಾಕಿ. ಹಳೆಯ ಪೆಟ್ಟಿ ಕೇಸಿನ ಕಡತಗಳನ್ನು ಕೆಲವು ವರ್ಷಗಳಾದ ಮೇಲೆ ನಾಶ ಮಾಡುತ್ತಾರೆ. "ಕಡತ ಇಲ್ಲ" ಅಂದರೆ ವಾಪಸ್ ಬರಬೇಡಿ. ಕ್ರಿಮಿನಲ್ ರಿಜಿಸ್ಟರಿನ ಆ ಸಾಲಿನ ನಕಲು ಕೊಡಿ ಅಂತ ಕೇಳಿ.

ನೇರಮಾತು
ಸರಿ, ಸುಳ್ಳು ಬರೆಯಿರಿ ಅಂದದ್ದು ನನ್ನ ತಪ್ಪು. ಆದರೆ ಒಂದು ಪ್ರಶ್ನೆ. ಹೀಗೆ ದಾಖಲೆ ಅಳಿಸಲು ಶುರು ಮಾಡಿದರೆ ನಾಳೆ ಪ್ರತಿಯೊಬ್ಬರೂ "ನನ್ನನ್ನು ಬಲವಂತ ಮಾಡಿದರು" ಅನ್ನುತ್ತಾರೆ. ಕಳ್ಳನೂ ಅನ್ನುತ್ತಾನೆ, ಗಾಂಜಾ ಮಾರುವವನೂ ಅನ್ನುತ್ತಾನೆ. ಗೆರೆ ಎಲ್ಲಿ ಎಳೆಯುವುದು?

ಎಡಿಸನ್‌ಅಮ್ಮ
ನಾನು ನ್ಯೂಜೆರ್ಸಿಯಲ್ಲಿದ್ದೇನೆ, ಮೂಲ ತುಮಕೂರು. ಇಲ್ಲಿ ಹಿಂಸೆಗೆ ಒಳಗಾದ ಹೆಂಗಸರಿಗೆ ದುಭಾಷಿಯಾಗಿ ಸಹಾಯ ಮಾಡುತ್ತೇನೆ. ಹಾಗಾಗಿ ಸ್ವಲ್ಪ ಗೊತ್ತು.

ಪಕ್ಕದ ನ್ಯೂಯಾರ್ಕ್ 2010ರಲ್ಲಿ ಒಂದು ಕಾನೂನು ತಂತು. ಅಮೆರಿಕದಲ್ಲಿ ಅಂಥದ್ದು ಅದೇ ಮೊದಲು. ಮಾನವ ಸಾಗಾಣಿಕೆಗೆ ಸಿಕ್ಕಿದ್ದಾಗ ವೇಶ್ಯಾವಾಟಿಕೆ ಕೇಸಿನಲ್ಲಿ ಶಿಕ್ಷೆಯಾಗಿದ್ದರೆ, ಅದೇ ಕೋರ್ಟಿಗೆ ಹೋಗಿ ಆ ಶಿಕ್ಷೆಯನ್ನೇ ರದ್ದು ಮಾಡಿಸಬಹುದು. ಕ್ಷಮಾದಾನ ಅಲ್ಲ, ನೆನಪಿಡಿ. ಕ್ಷಮೆ ಅಂದರೆ ನೀನು ತಪ್ಪು ಮಾಡಿದ್ದೆ, ಬಿಟ್ಟಿದ್ದೇವೆ ಅಂತ. ಇದು ಆ ಶಿಕ್ಷೆ ಆಗಲೇಬಾರದಿತ್ತು ಅಂತ. ನಾನು ನೋಡಿದ ಹೆಂಗಸರಿಗೆ ಈ ವ್ಯತ್ಯಾಸವೇ ದೊಡ್ಡದು.

ಸರ್ಕಾರಿ ಸಂಸ್ಥೆಯ ಕಾಗದ ಇದ್ದರೆ ಬಲಿಪಶು ಅಂತಲೇ ಕೋರ್ಟು ನಂಬಿಕೊಂಡು ಮುಂದೆ ಹೋಗುತ್ತದೆ. ನಿಮ್ಮ ಹುಡುಗಿಯ ಟ್ರಂಕಿನ ಕಾಗದದಂಥದ್ದೇ. ಕಾಗದ ಇಲ್ಲದಿದ್ದರೂ ಬೇರೆ ಸಾಕ್ಷಿ ಕೊಡಬಹುದು.

ಆಮೇಲೆ ಒಂದು ಸಮಸ್ಯೆ ಗೊತ್ತಾಯಿತು. ದಂಧೆ ನಡೆಸುವವರು ಹುಡುಗಿಯರ ಕೈಯಲ್ಲಿ ಅದೊಂದೇ ಕೆಲಸ ಮಾಡಿಸುವುದಿಲ್ಲ. ಕಳ್ಳತನ ಮಾಡಿಸುತ್ತಾರೆ, ಡ್ರಗ್ಸ್ ಹೊರಿಸುತ್ತಾರೆ. ಆ ಕೇಸುಗಳು ಹಾಗೇ ಉಳಿದವು. ಅದಕ್ಕೆ 2021ರಲ್ಲಿ ತಿದ್ದುಪಡಿ ಮಾಡಿ, ಸಾಗಾಣಿಕೆಯಿಂದಾಗಿ ನಡೆದ ಯಾವ ಅಪರಾಧಕ್ಕಾದರೂ ಅರ್ಜಿ ಹಾಕಬಹುದು ಅಂತ ಮಾಡಿದರು. ಕ್ಯಾಲಿಫೋರ್ನಿಯಾದಲ್ಲಿ 2022ರಿಂದ ಗಂಡನ ಅಥವಾ ಸಂಗಾತಿಯ ಹಿಂಸೆಗೆ ಒಳಗಾದವರಿಗೂ ಇಂಥದ್ದೇ ಅವಕಾಶ ಇದೆ, ಹಿಂಸಾತ್ಮಕವಲ್ಲದ ಅಪರಾಧಗಳಿಗೆ.

ನೇರಮಾತು ಅವರೇ, ಗೆರೆ ಎಳೆಯುವುದು ಜಡ್ಜ್. ಬರೀ ಅರ್ಜಿ ಹಾಕಿದರೆ ಅಳಿಸುವುದಿಲ್ಲ. ಆ ಅಪರಾಧಕ್ಕೂ ಆ ಬಲವಂತಕ್ಕೂ ಸಂಬಂಧ ಇತ್ತು ಅಂತ ತೋರಿಸಬೇಕು.

ನೇರಮಾತು
ಜಡ್ಜ್ ನೋಡಿ ಹೇಳುವುದಾದರೆ ನನ್ನ ತಕರಾರು ಅರ್ಧ ಹೋಯಿತು. ಇನ್ನರ್ಧ ಇದೆ. ಕೊಲೆ ಮಾಡಿಸಿದ್ದರೆ?

ಕರಿಕೋಟು
ಒಳ್ಳೆಯ ಪ್ರಶ್ನೆ. ಇಂಗ್ಲೆಂಡಿನಲ್ಲಿ ಇದಕ್ಕೆ ಬೇರೆ ದಾರಿ ಹಿಡಿದರು. ಅವರ 2015ರ ಆಧುನಿಕ ಗುಲಾಮಗಿರಿ ಕಾಯ್ದೆಯ ಸೆಕ್ಷನ್ 45 ಪ್ರಕಾರ, ಗುಲಾಮಗಿರಿಗೆ ಸಿಕ್ಕವರು ಬೇರೆ ದಾರಿಯಿಲ್ಲದೆ ಮಾಡಿದ ತಪ್ಪಿಗೆ ಶಿಕ್ಷೆ ಇಲ್ಲ. ಆದರೆ ಕೊಲೆ, ಅತ್ಯಾಚಾರ, ದರೋಡೆ ಅಂತ ನೂರಕ್ಕೂ ಹೆಚ್ಚು ಅಪರಾಧಗಳ ಪಟ್ಟಿ ಮಾಡಿ, ಇವಕ್ಕೆ ಈ ರಕ್ಷಣೆ ಇಲ್ಲ ಅಂದರು. ಪಟ್ಟಿ ತುಂಬ ಉದ್ದವಾಯಿತು ಅಂತ ಅಲ್ಲಿಯ ವಕೀಲರೇ ಗೊಣಗುತ್ತಾರೆ.

ನಮ್ಮಲ್ಲಿ ಬಲವಂತದ ವಾದ ಇಲ್ಲವೇ ಇಲ್ಲ ಅಂತಲ್ಲ. ಐಪಿಸಿ 94, ಈಗ ಭಾರತೀಯ ನ್ಯಾಯ ಸಂಹಿತೆಯ 32. ಅದನ್ನು ಓದಿದರೆ ನಗು ಬರುತ್ತದೆ. "ತಕ್ಷಣವೇ ಸಾಯುತ್ತೇನೆ" ಅನ್ನುವ ಭಯ ಇರಬೇಕು. ಕತ್ತಿ ಕುತ್ತಿಗೆಗೆ ತಾಗಿರಬೇಕು. ನಲವತ್ತು ಸಾವಿರ ಸಾಲ, ಬೀಗ ಹಾಕಿದ ಕೋಣೆ, "ಓಡಿ ಹೋದರೆ ನಿಮ್ಮ ಊರಿಗೆ ಫೋಟೋ ಕಳಿಸ್ತೀನಿ" ಅನ್ನುವ ಬೆದರಿಕೆ, ಇವು ಯಾವುವೂ ಅದರಲ್ಲಿ ಹಿಡಿಸುವುದಿಲ್ಲ.

2018ರಲ್ಲಿ ಮಾನವ ಸಾಗಾಣಿಕೆ ತಡೆ ಮಸೂದೆ ಲೋಕಸಭೆಯಲ್ಲಿ ಪಾಸಾಗಿತ್ತು. ಬಲಿಯಾದವರಿಗೆ ಕೆಲವು ಅಪರಾಧಗಳಿಂದ ರಕ್ಷಣೆ ಕೊಡುವ ಮಾತೂ ಅದರಲ್ಲಿತ್ತು. ರಾಜ್ಯಸಭೆಗೆ ಹೋಗುವಷ್ಟರಲ್ಲಿ ಲೋಕಸಭೆಯ ಅವಧಿ ಮುಗಿದು 2019ರಲ್ಲಿ ಬಿದ್ದುಹೋಯಿತು.

ಖಾಕಿ_ರಜೆಯಲ್ಲಿ
ಹೆಸರು ಹಾಕಲ್ಲ, ಅರ್ಥ ಮಾಡಿಕೊಳ್ಳಿ. ಪೊಲೀಸರನ್ನು ಬೈಯುವುದು ಸುಲಭ. ನಮ್ಮ ಕಡೆಯದನ್ನೂ ಸ್ವಲ್ಪ ಕೇಳಿ.

ಘರವಾಲಿ ಮೇಲೆ ಕೇಸ್ ಹಾಕಬೇಕು ಅಂದರೆ ಮನೆ ಒಳಗೆ ಹೋಗಬೇಕು. ಆ ಕೆಲಸಕ್ಕೆ ನೇಮಿಸಿದ ಅಧಿಕಾರಿ ಬೇಕು. ಸರ್ಚ್ ಮಾಡುವಾಗ ಆ ಏರಿಯಾದ ಇಬ್ಬರು ಗೌರವಸ್ಥರು ಸಾಕ್ಷಿಗೆ ಬೇಕು, ಅದರಲ್ಲಿ ಒಬ್ಬರು ಹೆಂಗಸೇ ಆಗಿರಬೇಕು. ಇಂಥ ಮನೆಗೆ ಪಂಚರಾಗಿ ಬನ್ನಿ ಅಂದರೆ ಯಾವ ಮನೆಯ ಹೆಣ್ಣುಮಗಳು ಬರುತ್ತಾರೆ ಹೇಳಿ. ಬಸ್ ಸ್ಟ್ಯಾಂಡಿನಲ್ಲಿ ನಿಂತವಳ ಮೇಲೆ ಸೆಕ್ಷನ್ 8 ಹಾಕಲು ಮನೆ ಸರ್ಚೂ ಬೇಡ, ಪಂಚರೂ ಬೇಡ. ಮೇಲಿನವರು "ಈ ತಿಂಗಳು ಐಟಿಪಿ ಎಷ್ಟು?" ಅಂತ ಕೇಳುತ್ತಾರೆ. ಲೆಕ್ಕಕ್ಕೆ ಎರಡೂ ಒಂದೇ.

ನಾನು ಮಾಡಿಲ್ಲ ಅಂತ ಹೇಳುತ್ತಿಲ್ಲ. ಈಗ ಕಮ್ಮಿಯಾಗಿದೆ. 2022ರಲ್ಲಿ ಸುಪ್ರೀಂ ಕೋರ್ಟಿನ ಆದೇಶ ಬಂದ ಮೇಲೆ ನಮಗೂ ಟ್ರೈನಿಂಗ್ ಕೊಟ್ಟರು.

ಕರಿಕೋಟು
ಅವರು ಹೇಳುತ್ತಿರುವುದು ಬುದ್ಧದೇವ್ ಕರ್ಮಾಸ್ಕರ್ ಕೇಸಿನ 2022ರ ಮೇ 19ರ ಆದೇಶ. ನ್ಯಾಯಮೂರ್ತಿ ನಾಗೇಶ್ವರ ರಾವ್ ಅವರ ಪೀಠ. ನಮ್ಮ ಎ.ಎಸ್. ಬೋಪಣ್ಣನವರೂ ಆ ಪೀಠದಲ್ಲಿದ್ದರು. ರೇಡ್ ಮಾಡಿದಾಗ ಅಲ್ಲಿರುವ ಹೆಂಗಸರನ್ನು ಬಂಧಿಸಬೇಡಿ, ದಂಡಿಸಬೇಡಿ, ಕಿರುಕುಳ ಕೊಡಬೇಡಿ ಅಂತ ಅದರಲ್ಲಿದೆ. ಅದಕ್ಕೂ ಮೊದಲು 2020ರಲ್ಲಿ ಬಾಂಬೆ ಹೈಕೋರ್ಟ್ ಮೂವರು ಯುವತಿಯರನ್ನು ಬಿಡುಗಡೆ ಮಾಡುವಾಗ, ಈ ಕಾಯ್ದೆಯಲ್ಲಿ ವೇಶ್ಯಾವೃತ್ತಿಯೇ ಅಪರಾಧ ಅಂತ ಎಲ್ಲೂ ಇಲ್ಲ ಅಂತ ಹೇಳಿತ್ತು. ನಮ್ಮ ಹೈಕೋರ್ಟೂ 2024ರಲ್ಲಿ ಒಬ್ಬ ಮಹಿಳೆಯ ಮೇಲಿನ ಸೆಕ್ಷನ್ 5ರ ಕೇಸ್ ರದ್ದು ಮಾಡಿತು. ಆ ಸೆಕ್ಷನ್ ಇರುವುದು ದಂಧೆಗೆ ತಳ್ಳುವವರಿಗೆ, ಬಲಿಯಾದವರಿಗಲ್ಲ ಅಂತ.

ಎಲ್ಲ ಸರಿ. ಆದರೆ ಇವೆಲ್ಲ ಮುಂದಿನ ಮಾತು, ಇಲ್ಲದಿದ್ದರೆ ಇನ್ನೂ ನಡೆಯುತ್ತಿರುವ ಕೇಸಿನ ಮಾತು. 2011ರಲ್ಲಿ ಹೂಂ ಅಂದು ಹೋದವರ ಬಗ್ಗೆ ಒಂದಕ್ಷರ ಇಲ್ಲ.

ಹೆಸರಿಲ್ಲ
ನನಗೂ ಇಂಥ ಮೂರು ಇವೆ. 2006, 2007, ಮತ್ತೆ 2007. ದಂಡದ ರಸೀದಿಗಳನ್ನು ಸುಟ್ಟುಹಾಕಿದೆ. ಮಗಳಿಗೆ ಪಾಸ್‌ಪೋರ್ಟ್ ಮಾಡಿಸುವಾಗ ಮನೆಗೆ ಪೊಲೀಸರು ಬಂದರು. ಅವಳ ಬಗ್ಗೆ ವಿಚಾರಿಸಲು ಬಂದವರು. ನನ್ನ ಹೆಸರು ಕೇಳುತ್ತಾರೇನೋ ಅಂತ ಒಳಗೆ ಬಚ್ಚಲಲ್ಲಿ ನಿಂತಿದ್ದೆ, ಅವರು ಟೀ ಕುಡಿದು ಹೋಗುವವರೆಗೆ.

ಇಷ್ಟೇ. ಉತ್ತರ ಬೇಡ.

ಮಾಸ್ತರ
ಉತ್ತರ ಬೇಡ ಅಂದಿದ್ದೀರಿ ತಾಯಿ, ಕೊಡುವುದಿಲ್ಲ. ಓದಿದೆ ಅಂತ ಮಾತ್ರ ತಿಳಿಸುತ್ತೇನೆ.

ಉಳಿದವರಿಗೆ ನನ್ನದೊಂದು ಮಾತು. ಹಾವೇರಿ ಜಿಲ್ಲೆಯಲ್ಲಿ ಮಾಸ್ತರಿಕೆ ಮಾಡಿದವನು ನಾನು. 1976ರಲ್ಲಿ ಜೀತ ಪದ್ಧತಿ ರದ್ದತಿ ಕಾಯ್ದೆ ಬಂದಾಗ ಚಿಕ್ಕವನು. ನಮ್ಮ ಓಣಿಯಲ್ಲೇ ಒಬ್ಬ ಜೀತದಾಳು ಇದ್ದ. ಅಪ್ಪ ಮಾಡಿದ ಸಾಲಕ್ಕೆ ಮಗ ದುಡಿಯುತ್ತಿದ್ದ. ಆ ಕಾಯ್ದೆ ಏನು ಮಾಡಿತು? ಒಬ್ಬೊಬ್ಬರೂ ಅರ್ಜಿ ಹಾಕಿ, ನಿಮ್ಮ ಸಾಲ ನ್ಯಾಯವೋ ಅಲ್ಲವೋ ನೋಡುತ್ತೇವೆ ಅನ್ನಲಿಲ್ಲ. ಜೀತದ ಸಾಲ ಎಲ್ಲವೂ ಸತ್ತಿತು ಅಂದಿತು. ವಸೂಲಿಗೆ ಹಾಕಿದ ದಾವೆಗಳೂ ಹೋದವು. ಕಾಗದದಲ್ಲಿ ಇದ್ದಷ್ಟು ಸುಲಭವಾಗಿ ಊರಲ್ಲಿ ಆಗಲಿಲ್ಲ, ಅದು ಬೇರೆ ಮಾತು. ಆದರೆ ಕಾಗದದಲ್ಲಾದರೂ ಒಂದೇ ಏಟಿಗೆ ಆಯಿತು.

ಈ ಹುಡುಗಿಯ ನಲವತ್ತು ಸಾವಿರ ಜೀತದ ಸಾಲ ಅಲ್ಲದೆ ಇನ್ನೇನು? ಸಾಲ ಸತ್ತಿತು ಅಂದಮೇಲೆ ಆ ಸಾಲದಿಂದ ಹುಟ್ಟಿದ ಶಿಕ್ಷೆ ಯಾಕೆ ಬದುಕಿರಬೇಕು?

ಬೆಂಚ್‌ಕ್ಲರ್ಕ್_ನಿವೃತ್ತ
ಮಾಸ್ತರೇ, ನನ್ನ ತಲೆಯಲ್ಲಿದ್ದದ್ದನ್ನೇ ಹೇಳಿದಿರಿ. ಸಂಪುಟ ಸಭೆಯಲ್ಲಿ ಹೋರಾಟಗಾರರ ಮೇಲಿನ ಕೇಸ್ ವಾಪಸ್ ಅಂತ ಆಗಾಗ ತೀರ್ಮಾನ ಆಗುತ್ತದೆ. ಯಾವ ಪಕ್ಷ ಬಂದರೂ ಆಗುತ್ತದೆ. ಈ ಹೆಂಗಸರಿಗೆ ಒಂದು ಸಂಘ ಇಲ್ಲ, ಮನವಿ ಪತ್ರ ಹಿಡಿದು ಫೋಟೋ ತೆಗೆಸಿಕೊಳ್ಳುವವರಿಲ್ಲ.

ಕರಿಕೋಟು
ಆ ವಾಪಸಾತಿ ನಡೆಯುತ್ತಿರುವ ಕೇಸುಗಳಿಗೆ ಮಾತ್ರ ಸರ್. ಅದಕ್ಕೂ ಸರ್ಕಾರಿ ಅಭಿಯೋಜಕರು ಅರ್ಜಿ ಹಾಕಬೇಕು, ಕೋರ್ಟು ಒಪ್ಪಬೇಕು. ಶಿಕ್ಷೆಯಾದ ಮೇಲೆ ರಾಜ್ಯಪಾಲರ ಕ್ಷಮೆ ಇದೆ, ಆದರೆ ಎಡಿಸನ್‌ಅಮ್ಮ ಹೇಳಿದ ಹಾಗೆ ಅದು ಕ್ಷಮೆ.

ಈಗ ಕೆಲಸದ ಮಾತು. ನಮ್ಮಲ್ಲಿ "ಶಿಕ್ಷೆ ಅಳಿಸುವ ಅರ್ಜಿ" ಅಂತ ಒಂದು ಸಿದ್ಧ ಫಾರಂ ಇಲ್ಲ. ಇರುವುದರಲ್ಲೇ ದಾರಿ ಹುಡುಕಬೇಕು. ತಪ್ಪೊಪ್ಪಿಕೊಂಡವರಿಗೆ ಮೇಲ್ಮನವಿ ಬಹುತೇಕ ಮುಚ್ಚಿದೆ, ಶಿಕ್ಷೆಯ ಪ್ರಮಾಣ ಅಥವಾ ಕಾನೂನುಬದ್ಧತೆಯ ಬಗ್ಗೆ ಮಾತ್ರ ತಕರಾರು ಎತ್ತಬಹುದು. ಉಳಿದದ್ದು ರಿವಿಷನ್, ಅಂದರೆ ಕೆಳಗಿನ ಕೋರ್ಟಿನ ಆದೇಶ ಸರಿಯೇ ಅಂತ ಮೇಲಿನ ಕೋರ್ಟು ನೋಡುವುದು. ಅದಕ್ಕೆ 90 ದಿನ. ಹದಿನಾಲ್ಕು ವರ್ಷ ಯಾಕೆ ತಡವಾಯಿತು ಅಂತ ವಿವರಿಸಿ, ಆ ತಡವನ್ನು ಮನ್ನಿಸಿ ಅಂತ ಕೇಳಬೇಕು. ಇಲ್ಲದಿದ್ದರೆ ನೇರ ಹೈಕೋರ್ಟು. ಹೈಕೋರ್ಟು ತನ್ನ ಅಂತರ್ಗತ ಅಧಿಕಾರ ಬಳಸುವ ಸೆಕ್ಷನ್ ಇದೆ, ಮೊದಲು ದಂಡ ಪ್ರಕ್ರಿಯಾ ಸಂಹಿತೆಯ 482 ಅನ್ನುತ್ತಿದ್ದೆವು, ಈಗ ನಾಗರಿಕ ಸುರಕ್ಷಾ ಸಂಹಿತೆಯ 528. ಒಪ್ಪಿಗೆ ಸ್ವಇಚ್ಛೆಯದಲ್ಲ, ವಕೀಲನನ್ನು ಇಟ್ಟದ್ದೇ ದಂಧೆಯವಳು, 2012ರ ಕೇಸಿನಲ್ಲಿ ಸರ್ಕಾರವೇ ಇವರನ್ನು ನೊಂದವರು ಅಂದಿದೆ. ಈ ಮೂರನ್ನು ಜೋಡಿಸಿ ಇಟ್ಟರೆ ಕೇಳುವ ಜಡ್ಜ್ ಸಿಗುತ್ತಾರೆ ಅಂತ ನನ್ನ ನಂಬಿಕೆ. ಖಂಡಿತ ಆಗುತ್ತದೆ ಅಂತ ಹೇಳಲಾರೆ.

ಫೀಸಿನ ಚಿಂತೆ ಬೇಡ. ಕಾನೂನು ಸೇವಾ ಪ್ರಾಧಿಕಾರದ ಕಾಯ್ದೆಯ ಸೆಕ್ಷನ್ 12ರಲ್ಲಿ ಹೆಂಗಸರಿಗೆ, ಸಾಗಾಣಿಕೆಗೆ ಸಿಕ್ಕವರಿಗೆ ಉಚಿತ ವಕೀಲರು ಸಿಗುತ್ತಾರೆ. ಆದಾಯದ ಮಿತಿ ಕೇಳುವ ಹಾಗಿಲ್ಲ. ಜಿಲ್ಲಾ ಕೋರ್ಟಿನ ಆವರಣದಲ್ಲೇ ಆಫೀಸು ಇರುತ್ತದೆ. 15100ಕ್ಕೆ ಫೋನ್ ಮಾಡಿದರೂ ಆಗುತ್ತದೆ.

ಕಡಲತಡಿ
ಮಧ್ಯೆ ಬಂದದ್ದಕ್ಕೆ ಕ್ಷಮಿಸಿ. ಬರೀ ಹೆಂಗಸರ ವಿಷಯ ಅಂದುಕೊಳ್ಳಬೇಡಿ. ನನ್ನ ಚಿಕ್ಕಪ್ಪನ ಮಗ ಥಾಯ್ಲೆಂಡಿನಲ್ಲಿ ಡೇಟಾ ಎಂಟ್ರಿ ಕೆಲಸ ಅಂತ ಟೆಲಿಗ್ರಾಂನಲ್ಲಿ ನೋಡಿ ಹೋದ. ನದಿ ದಾಟಿಸಿ ಮ್ಯಾನ್ಮಾರಿನ ಮ್ಯಾವಡ್ಡಿ ಕಡೆ ಕರೆದುಕೊಂಡು ಹೋದರು. ಪಾಸ್‌ಪೋರ್ಟ್ ಕಿತ್ತುಕೊಂಡು, ದಿನಕ್ಕೆ ಹದಿನಾರು ಗಂಟೆ ಕೂರಿಸಿ, ಹುಡುಗಿ ಹೆಸರಿನಲ್ಲಿ ಚಾಟ್ ಮಾಡಿಸಿ ಜನರ ಹಣ ಹೊಡೆಸಿದರು. ಟಾರ್ಗೆಟ್ ಮುಟ್ಟದಿದ್ದರೆ ಕರೆಂಟ್ ಶಾಕ್. 2025ರ ಮಾರ್ಚ್‌ನಲ್ಲಿ ವಾಯುಪಡೆಯ ಎರಡು ವಿಮಾನಗಳಲ್ಲಿ 549 ಜನರನ್ನು ವಾಪಸ್ ತಂದರಲ್ಲ, ಅದರಲ್ಲಿ ಬಂದ.

ಬಂದ ಮೇಲೆ ಮೂರು ಸಲ ವಿಚಾರಣೆ. ಸಾಕ್ಷಿಯಾಗಿ ಕರೆದರೋ ಆರೋಪಿಯಾಗಿ ಕರೆದರೋ ಇವತ್ತಿಗೂ ನಮಗೆ ಗೊತ್ತಿಲ್ಲ. ಬ್ಯಾಂಕ್ ಖಾತೆ ಫ್ರೀಜ್ ಆಗಿದೆ. ಅವನು ಮೋಸ ಮಾಡಿದ್ದು ಸುಳ್ಳಲ್ಲ. ಅವನೇ ಹೇಳುತ್ತಾನೆ, "ಒಬ್ಬ ಮುದುಕರ ಪಿಂಚಣಿ ಹಣ ಹೋಯ್ತಣ್ಣ ನನ್ನಿಂದ" ಅಂತ. ರಾತ್ರಿ ನಿದ್ದೆ ಮಾಡಲ್ಲ. ಮೇಲೆ ಯಾರೋ ಗೆರೆ ಎಲ್ಲಿ ಅಂತ ಕೇಳಿದ್ದರು. ನಮ್ಮ ಮನೆಯಲ್ಲಿ ಆ ಗೆರೆ ಮೇಲೆಯೇ ಒಬ್ಬ ಕೂತಿದ್ದಾನೆ.

ಕರಿಕೋಟು
ಕಡಲತಡಿ, ಅವನು ವಿಚಾರಣೆಗೆ ಒಬ್ಬನೇ ಹೋಗುವುದು ಬೇಡ, ವಕೀಲರನ್ನು ಕರೆದುಕೊಂಡು ಹೋಗಲಿ. ನೋಟಿಸ್ ಯಾವ ಸೆಕ್ಷನ್ನಿನಲ್ಲಿ ಬಂದಿದೆ ನೋಡಿ, ಸಾಕ್ಷಿಗೆ ಬರುವುದೇ ಬೇರೆ, ಆರೋಪಿಗೆ ಬರುವುದೇ ಬೇರೆ. ವಿಮಾನದಲ್ಲಿ ಕರೆತಂದಾಗ ಕೊಟ್ಟ ಕಾಗದ, ಅವನು ಅಲ್ಲಿಂದ ಸಹಾಯ ಕೇಳಿ ಕಳಿಸಿದ ಮೆಸೇಜು, ಗಾಯದ ಫೋಟೋ ಎಲ್ಲ ಒಂದು ಕಡೆ ಇಡಿ. ಬೆರಳಚ್ಚು ತೆಗೆದಿದ್ದರೆ, 2022ರ ಗುರುತು ಕಾಯ್ದೆಯಲ್ಲಿ ಆ ದಾಖಲೆ 75 ವರ್ಷ ಇರುತ್ತದೆ. ಹಿಂದೆ ಶಿಕ್ಷೆಯಾಗಿಲ್ಲದವನು ವಿಚಾರಣೆ ಇಲ್ಲದೆ ಬಿಡುಗಡೆಯಾದರೆ ಅಥವಾ ಖುಲಾಸೆಯಾದರೆ ನಾಶ ಮಾಡಬೇಕು ಅಂತಲೂ ಇದೆ. ಅದನ್ನು ಕೇಳಿ ಮಾಡಿಸಿಕೊಳ್ಳಬೇಕು, ತಾನಾಗಿ ಆಗುತ್ತದೆ ಅಂತ ಕೂರಬೇಡಿ. ಅವನದಕ್ಕೆ ಬೇರೆ ಚರ್ಚೆ ಶುರು ಮಾಡಿ, ನಾನು ಬರುತ್ತೇನೆ.

ಸೂಜಿದಾರ
ಮೂರು ವಾರ ಆಯಿತು. ನಕಲು ಸಿಕ್ಕಿತು! ಕ್ಲರ್ಕ್ ಸರ್ ಹೇಳಿದ ಹಾಗೇ ಆಯಿತು. ಕಡತ ಇಲ್ಲ ಅಂದರು, ರಿಜಿಸ್ಟರ್ ನಕಲು ಕೇಳಿದೆವು, ಕೊಟ್ಟರು. ಸೆಕ್ಷನ್ 8. ಫೆಬ್ರವರಿ 2011. "ತಪ್ಪೊಪ್ಪಿಕೊಂಡಿದ್ದಾರೆ, ದಂಡ ರೂ. 500." ವಯಸ್ಸು 19 ಅಂತ ಬರೆದಿದೆ.

ಅದನ್ನು ನೋಡಿ ಅವಳು "ಅಕ್ಕಾ, ನಂಗೆ ಅವಾಗ ಹತ್ತೊಂಬತ್ತು ಎಲ್ಲಿತ್ತು?" ಅಂದಳು. ಪೊಲೀಸರು ಕೇಳಿದರೆ ಹತ್ತೊಂಬತ್ತು ಅನ್ನು ಅಂತ ಘರವಾಲಿ ಕಲಿಸಿದ್ದಳಂತೆ. ಆಧಾರ್ ನೋಡಿದೆ. ಜನ್ಮ ದಿನಾಂಕ 1994ರ ಜೂನ್ 1. ಶಾಲೆಯ ಟಿಸಿ ನೋಡಿಯೇ ಆಧಾರ್ ಮಾಡಿಸಿದ್ದಂತೆ. ಟಿಸಿ ಕಳೆದುಹೋಗಿದೆ.

ಕರಿಕೋಟು
ಅಕ್ಕಾ, ನಾನು ಹಿಂದೆ ಬರೆದದ್ದನ್ನೆಲ್ಲ ಪಕ್ಕಕ್ಕಿಡಿ. ಜೂನ್ 1994 ಅಂದರೆ ಫೆಬ್ರವರಿ 2011ಕ್ಕೆ ಹದಿನಾರು ವರ್ಷ ಎಂಟು ತಿಂಗಳು. ಅವರು ಮೈನರ್! ಆ ಕೋರ್ಟಿಗೆ ಅವರ ಕೇಸ್ ನಡೆಸುವ ಅಧಿಕಾರವೇ ಇರಲಿಲ್ಲ. ಬಾಲ ನ್ಯಾಯ ಮಂಡಳಿಗೆ ಹೋಗಬೇಕಿತ್ತು. ನ್ಯಾಯವಾಗಿ ನೋಡಿದರೆ ಆರೋಪಿಯಾಗಿ ಅಲ್ಲಿಗೂ ಅಲ್ಲ, ರಕ್ಷಣೆ ಬೇಕಾದ ಮಗುವಾಗಿ ಮಕ್ಕಳ ಕಲ್ಯಾಣ ಸಮಿತಿಗೆ.

ತಡವಾಯಿತು ಅನ್ನುವ ತಕರಾರೂ ಇಲ್ಲಿ ನಿಲ್ಲುವುದಿಲ್ಲ. ನಾನು ಆಗ ಮೈನರ್ ಆಗಿದ್ದೆ ಅನ್ನುವ ಮಾತನ್ನು ಯಾವ ಹಂತದಲ್ಲಾದರೂ ಎತ್ತಬಹುದು, ಕೇಸ್ ಪೂರ್ತಿ ಮುಗಿದ ಮೇಲೂ. 2015ರ ಬಾಲ ನ್ಯಾಯ ಕಾಯ್ದೆಯ ಸೆಕ್ಷನ್ 9ರಲ್ಲಿ ಇದೆ, ಹಳೆಯ ಕಾಯ್ದೆಯಲ್ಲೂ ಇತ್ತು. 2023ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟು ಗಲ್ಲು ಶಿಕ್ಷೆಯಾಗಿದ್ದ ಒಬ್ಬನನ್ನು 28 ವರ್ಷದ ಮೇಲೆ ಜೈಲಿನಿಂದ ಬಿಟ್ಟಿತು. ಅಪರಾಧ ನಡೆದಾಗ ಅವನಿಗೆ ಹನ್ನೆರಡು ವರ್ಷ ಅಂತ ರಾಜಸ್ಥಾನದ ಒಂದು ಶಾಲೆಯ ದಾಖಲೆಯಿಂದ ಗೊತ್ತಾಯಿತು. ಗಲ್ಲಿನ ಕೇಸಿಗೇ ಆಗಿದ್ದು 500 ರೂಪಾಯಿ ಕೇಸಿಗೆ ಆಗಲ್ವಾ?

ಮೈನರ್ ಅಂತ ಸಾಬೀತಾದರೆ ಶಿಕ್ಷೆಯಿಂದ ಬರುವ ಯಾವ ಅನರ್ಹತೆಯೂ ಅಂಟುವುದಿಲ್ಲ. ದಾಖಲೆಯನ್ನೇ ನಾಶ ಮಾಡಬೇಕು ಅಂತ ಕಾಯ್ದೆಯಲ್ಲಿದೆ. ನಮ್ಮ ದೇಶದಲ್ಲಿ "ಅಳಿಸು" ಅಂತ ಕಾನೂನೇ ಬಾಯಿಬಿಟ್ಟು ಹೇಳುವುದು ಮಕ್ಕಳ ವಿಷಯದಲ್ಲಿ. ಆದರೆ ಆಧಾರ್ ಸಾಲದು. ಶಾಲೆಯ ದಾಖಲೆಯೇ ಬೇಕು.

ನೇರಮಾತು
ಒಂದು ತಕರಾರು. ಜೂನ್ 1 ಅನ್ನುವುದು ಮಾಸ್ತರರು ಬರೆದ ಹುಟ್ಟುಹಬ್ಬ. ನನ್ನದೂ ಜೂನ್ 1, ನನ್ನ ತಮ್ಮನದೂ ಜೂನ್ 1. ಕೋರ್ಟಿನಲ್ಲಿ ಎದುರು ವಕೀಲರು ಇದನ್ನೇ ಹಿಡಿಯಲ್ವಾ?

ಮಾಸ್ತರ
ಬರೆದವರಲ್ಲಿ ನಾನೂ ಒಬ್ಬ. ಏನು ಮಾಡುವುದು, ತಾಯಿ "ಕಾರ ಹುಣ್ಣಿವೆ ಆಸುಪಾಸು ಹುಟ್ಟಿದ್ದು" ಅನ್ನುತ್ತಿದ್ದಳು. ತಿಂಗಳು ಆಚೀಚೆ ಆಗಿರಬಹುದು, ಸಾಮಾನ್ಯವಾಗಿ ಮೂರು ವರ್ಷ ಹೆಚ್ಚುಕಮ್ಮಿ ಆಗುವುದಿಲ್ಲ. ಹದಿನೆಂಟಕ್ಕೆ ಇನ್ನೂ ಒಂದೂಕಾಲು ವರ್ಷ ಬಾಕಿ ಇತ್ತಲ್ಲ.

ಕರಿಕೋಟು
ಕೋರ್ಟು ಮೊದಲು ನೋಡುವುದು ಶಾಲೆಯ ದಾಖಲೆ ಅಥವಾ ಎಸ್ಸೆಸ್ಸೆಲ್ಸಿ ಅಂಕಪಟ್ಟಿ. ಅದಿಲ್ಲದಿದ್ದರೆ ಪಂಚಾಯಿತಿ ಅಥವಾ ಪುರಸಭೆಯ ಜನನ ಪತ್ರ. ಅದೂ ಇಲ್ಲದಿದ್ದರೆ ಮಾತ್ರ ಮೂಳೆ ಪರೀಕ್ಷೆ. ಜೂನ್ 1 ಅನ್ನುವ ಒಂದೇ ಕಾರಣಕ್ಕೆ ಶಾಲೆಯ ದಾಖಲೆಯನ್ನು ತಳ್ಳಿಹಾಕುವುದು ಸುಲಭವಲ್ಲ. ತಳ್ಳಿದರೆ ಅರ್ಧ ಕರ್ನಾಟಕಕ್ಕೆ ವಯಸ್ಸೇ ಇರುವುದಿಲ್ಲ.

ಇನ್ನೊಂದು. ಕೇಸ್ ಗೆದ್ದ ಮೇಲೆ ಆದೇಶದ ನಕಲನ್ನು ಪೊಲೀಸ್ ಠಾಣೆಗೂ ಎಸ್‌ಪಿ ಆಫೀಸಿಗೂ ನೀವೇ ಕೊಟ್ಟು ಸ್ವೀಕೃತಿ ತಗೊಳ್ಳಬೇಕು. ಕಂಪ್ಯೂಟರಿನಲ್ಲಿ ತೆಗೆಯದಿದ್ದರೆ ಮುಂದಿನ ವೆರಿಫಿಕೇಷನ್ನಿನಲ್ಲಿ ಮತ್ತೆ ಅದೇ ಬರುತ್ತದೆ. ಕೋರ್ಟುಗಳ ವೆಬ್‌ಸೈಟ್ ಇ-ಕೋರ್ಟ್ಸ್‌ನಲ್ಲಿ ಹೆಸರು ಹಾಕಿ ಹುಡುಕಿದರೆ ಸಿಗದ ಹಾಗೆ ಹೆಸರು ಮರೆ ಮಾಡಿ ಅಂತಲೂ ಅರ್ಜಿಯಲ್ಲೇ ಕೇಳಿ. 2017ರಲ್ಲಿ ನಮ್ಮ ಹೈಕೋರ್ಟು ಒಬ್ಬ ತಂದೆಯ ಅರ್ಜಿ ಮೇಲೆ ಮಗಳ ಹೆಸರನ್ನು ಆದೇಶದಲ್ಲಿ ಮರೆ ಮಾಡಲು ಒಪ್ಪಿತ್ತು.

ಸೂಜಿದಾರ
ಪ್ರಾಧಿಕಾರದ ಆಫೀಸಿಗೆ ಹೋಗಿ ಬಂದೆವು. ಒಬ್ಬ ಹೆಣ್ಣುಮಗಳನ್ನೇ ವಕೀಲರಾಗಿ ಕೊಟ್ಟಿದ್ದಾರೆ. ಚಿಕ್ಕ ವಯಸ್ಸು, ಆದರೆ ಪೂರ್ತಿ ಕೇಳಿಸಿಕೊಂಡರು. ಇವಳು ಮಾತಾಡುವಾಗ ಬಾಗಿಲು ಮುಚ್ಚಿ ಕೂತರು. ಹಾಸ್ಟೆಲ್ ಕೆಲಸಕ್ಕೆ ಬೇರೆಯವರು ಬಂದಾಯಿತು. ಅದು ಹೋಯಿತು, ಬಿಡಿ.

ಈಗಿನ ತೊಂದರೆ ಶಾಲೆ. ಅವಳು ಓದಿದ ಊರಿನ ಶಾಲೆಯಲ್ಲಿ ಮಕ್ಕಳಿಲ್ಲ ಅಂತ ನಾಲ್ಕು ವರ್ಷದ ಹಿಂದೆ ಮುಚ್ಚಿ ಪಕ್ಕದ ಊರಿಗೆ ಸೇರಿಸಿದ್ದಾರೆ. ಪಕ್ಕದ ಊರಿನ ಹೆಡ್ಮೇಡಂ "ಹಳೆಯ ದಾಖಲಾತಿ ಪುಸ್ತಕ ನಮಗೆ ಬಂದಿಲ್ಲ" ಅನ್ನುತ್ತಾರೆ. ಎಲ್ಲಿ ಹುಡುಕಲಿ?

ಮಾಸ್ತರ
ಬಿಇಓ ಆಫೀಸಿಗೆ ಹೋಗಿ. ಬಾಯಲ್ಲಿ ಕೇಳಬೇಡಿ, ಅರ್ಜಿ ಬರೆದು ಸೀಲ್ ಹಾಕಿಸಿಕೊಳ್ಳಿ. ಮುಚ್ಚಿದ ಶಾಲೆಯ ಪುಸ್ತಕಗಳು ಅಲ್ಲಿಗೆ ಬಂದಿರಬೇಕು, ಇಲ್ಲದಿದ್ದರೆ ಕ್ಲಸ್ಟರ್ ಕೇಂದ್ರದ ಬೀರುವಿನಲ್ಲಿ. ಅಲ್ಲೂ ಇಲ್ಲ ಅಂದರೆ ಆ ಶಾಲೆಯ ಕೊನೆಯ ಮುಖ್ಯ ಶಿಕ್ಷಕರು ಯಾರು ಅಂತ ವಿಚಾರಿಸಿ. ಚಾರ್ಜ್ ಪಟ್ಟಿಯಲ್ಲಿ ಸಹಿ ಮಾಡಿ ಯಾರಿಗೆ ಒಪ್ಪಿಸಿದರು ಅಂತ ಅವರಿಗೆ ನೆನಪಿರುತ್ತದೆ. ಅದನ್ನು ನಾವು ಮರೆಯುವುದಿಲ್ಲ.

ತಾಲ್ಲೂಕು ಯಾವುದು ಅಂತ ಇಲ್ಲಿ ಹಾಕಬೇಡಿ. ನನಗೆ ಖಾಸಗಿಯಾಗಿ ಮೆಸೇಜ್ ಮಾಡಿ. ಆ ಕಡೆ ನನ್ನ ಹಳೆಯ ವಿದ್ಯಾರ್ಥಿಗಳು ಇಬ್ಬರು ಮಾಸ್ತರಿಕೆಯಲ್ಲಿದ್ದರೆ ಸೋಮವಾರವೇ ಬೀರು ತೆಗೆಸುತ್ತೇನೆ.

ಸೂಜಿದಾರ
ಮೆಸೇಜ್ ಮಾಡಿದ್ದೇನೆ ಸರ್.